ಕವಿಯ ಮನೆಯ ಒಲೆ

ಕುಷ್ಟಗಿ
೧೯–೧–೨೦೨೫

ಚಿರಂಜೀವಿ ಶಾಂಭವಿಗೆ,

ನಿನ್ನ ಸೋದರತ್ತೆಯ ಹರಕೆ. ಉತ್ತರ ತಡವಾದುದಕ್ಕೆ ಅನಾರೋಗ್ಯದ ನೆಪ ಹೇಳಲಾರೆ, ಆರೋಗ್ಯವಾಗಿಯೇ ಇದ್ದೇನೆ. ಬರೆಯಲು ಮುಖವಿರಲಿಲ್ಲ.

ನಿನ್ನ ತಂದೆಯ ಮನೆಯನ್ನು ನೋಡಲು ರವಿವಾರಗಳಂದು ಗದಗ, ರಾಯಚೂರುಗಳಿಂದಲೂ ಜನ ಬರುತ್ತಾರೆ. ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುವ ಬಿಸಿಲು, ಸಾರಿಸಿ ರಂಗೋಲಿ ಎಳೆದ ಒಲೆ. 'ಇಂಥ ಮನೆಯಲ್ಲಿದ್ದರೆ ಯಾರಾದರೂ ಕವಿಯಾದಾರು' ಎನ್ನುತ್ತಾರೆ. ಸ್ಮಾರಕ ಸಮಿತಿಯ ಅಧ್ಯಕ್ಷೆಯಾದ ನಾನು ಹಿಗ್ಗುತ್ತಿದ್ದೆ. ಆ ಅಂದಕ್ಕಾಗಿಯೇ ನಿನ್ನ ತಾಯಿಯವರ ಟಿವಿಯನ್ನು, ಪ್ಲಾಸ್ಟಿಕ್ ಕೊಡಗಳನ್ನು, ಕಡೆಗೆ ಅವರನ್ನೂ ಹಿಂದಿನ ಓಣಿಯ ಬಾಡಿಗೆ ಕೋಣೆಗೆ ಸಾಗಿಸಿದೆ. ಗೋಡೆಯ ಸುಣ್ಣ ಒಣಗುವವರೆಗೆ ಎಂದಿದ್ದೆ, ಒಣಗಿ ವರ್ಷವಾಯಿತು.

ಕಳೆದ ತಿಂಗಳು ಅಣ್ಣನ ಪುಣ್ಯತಿಥಿ. ಬೆಳಿಗ್ಗೆಯೇ ವೈನಿ, ನಿನ್ನ ತಾಯಿ, ಕಟ್ಟಿಗೆ ಹೊತ್ತು ಬಂದರು.

"ತಂಗಿ, ಹೋಳಿಗಿ ಇಲ್ಲೇ ಮಾಡ್ತೀನಿ. ಅವರಿಗೆ ಈ ಒಲಿ ಮ್ಯಾಲಿನ ಎಡಿನ ಆಗಬೇಕು."

ಧಾರವಾಡದಿಂದ ಪ್ರಾಧ್ಯಾಪಕರು ಬರುವವರಿದ್ದಾರೆ, ಗೋಡೆಗೆ ಹೊಗೆ ಹಿಡಿಯುತ್ತದೆ ಎಂದೆ.

"ಅವರು ಇದ್ದಾಗ ಹೊಗಿ ಇರಲಿಲ್ಲೇನು? ಕೆಮ್ಮಿಕೋಂತನ ಬರದಾರ."

ನಾನು ಒಪ್ಪಲಿಲ್ಲ. ಅವರು ಕೋಣೆಯ ಗ್ಯಾಸಿನ ಮೇಲೆ ಹೋಳಿಗೆ ಬೇಯಿಸಿ ತಂದು, ಹೊರಗಟ್ಟೆಯ ಮೇಲೆ, ಅತಿಥಿಗಳ ಚಪ್ಪಲಿಗಳ ಪಕ್ಕದಲ್ಲಿ ಎಡೆ ಇಟ್ಟರು. ಪ್ರಾಧ್ಯಾಪಕರೊಬ್ಬರು ಅದರ ಚಿತ್ರವನ್ನೂ ತೆಗೆದುಕೊಂಡರು.

ಮರುದಿನ ಕೀಲಿಕೈ ಹಿಡಿದು ವೈನಿಯ ಕೋಣೆಗೆ ಹೋಗಿ, ಮನೆಗೆ ಮರಳಬೇಕೆಂದು ಕೇಳಿಕೊಂಡೆ. ಬರಲಿಲ್ಲ. ಸಮಿತಿಗೆ ರಾಜೀನಾಮೆ ಕೊಟ್ಟಿದ್ದೇನೆ. ನೀನು ಬಂದು ಕರೆದರೆ ಬಂದಾರು, ಬೇಗ ಬಾ. ಮಕ್ಕಳನ್ನು ಗವಿಸಿದ್ಧೇಶ್ವರ ಕಾಯಲಿ.

ನಿನ್ನ ಅತ್ತೆ,
ಶಿವಲಿಂಗಮ್ಮ

ತಾ.ಕ.: ವೈನಿ ಏಕೆ ಬರಲಿಲ್ಲವೆಂಬುದನ್ನು ಬರೆಯದೆಯೇ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಚಿತ್ರ ತೆಗೆದ ಆ ಪ್ರಾಧ್ಯಾಪಕರು, 'ಈ ಅಜ್ಜಿ ಯಾರು?' ಎಂದು ಕೇಳಿದರು. ಓದುಬರಹವಿಲ್ಲದ ವೈನಿ ಆ ಪಂಡಿತರೆದುರು ಬಾಯಿ ತೆರೆದಾರೆಂದು ಅಳುಕಿ, ನಾನೇ ಮುಂದಾಗಿ 'ಓಣಿಯವರು' ಎಂದೆ. ವೈನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಅಷ್ಟೆ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನನ್ನನ್ನು 'ತಂಗಿ' ಎನ್ನುತ್ತಿದ್ದವರು, ಕೀಲಿಕೈ ಚಾಚಿದಾಗ ಎದ್ದು ನಿಂತು ಕೈಮುಗಿದು, ನಾನು ಕಲಿಸುತ್ತಿದ್ದ ಶಾಲೆಯ ಮಕ್ಕಳು ಕರೆಯುತ್ತಿದ್ದಂತೆ ಕರೆದರು:

"ಓಣ್ಯಾಕಿಗೆ ಕವಿಗಳ ಮನಿ ಕೀಲಿ ಯಾಕ್ರಿ, ಅಕ್ಕಾರ?"