‘ನಾನೇ ಬಿಟ್ಟೆ’ ಎಂದ ಮಾವನಿಗೆ

ಮಾತು ಬಿಟ್ಟು ಕೂತಿರುವ ಮಾವನಿಗೆ,

ಆ ಕಚೇರಿಯಿಂದ ಬಂದಾಗಿನಿಂದ ನೀನು ನನ್ನೊಡನೆ ಮಾತಾಡಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿ, “ಸ್ನಾನಕ್ಕೆ ಹೋಗಿದಾರೆ ಕಣೆ” ಅನ್ನುತ್ತಾಳೆ. ಹೊತ್ತುಗೊತ್ತಿಲ್ಲದೆ ಹೀಗೆ ಸ್ನಾನ ಮಾಡುವ ಮನುಷ್ಯ ಇಷ್ಟರಲ್ಲಿ ಸೋಪಿನ ಹಾಗೆ ಕರಗಿಹೋಗಬೇಕಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನೀನು ಓದದಿದ್ದರೆ ಅತ್ತೆ ನಿನಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದುತ್ತಾಳೆ, ಅವಳಿಗೆ ಹೇಳಿಟ್ಟಿದ್ದೇನೆ.

ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೊಡುವ ಭತ್ಯೆ ಭಿಕ್ಷೆಯಲ್ಲ ಎಂದು ಆ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ನಿನಗೆ ಹೇಳಿದೆ. ಆಯುಷ್ಯವೆಲ್ಲ ಆ ಸಮವಸ್ತ್ರದ ಕಾರ್ಖಾನೆಯಲ್ಲಿ ನಿಂತು ಬಟ್ಟೆ ಕತ್ತರಿಸಿದವನು ನೀನು. ನಿನ್ನ ಸಂಬಳದಲ್ಲಿ ಅದಕ್ಕೆಂದೇ ಹಿಡಿದುಕೊಂಡಿದ್ದಾರೆ. “ಕೇಳಿದ್ದಕ್ಕಷ್ಟೇ ಉತ್ತರ ಹೇಳು ಮಾವ, ಪುರಾಣ ತೆಗೀಬೇಡ” ಅಂದರೆ, “ನಿನಗೆ ಮಾತು ಕಲಿಸಿದವನೇ ನಾನು, ನನಗೇ ಪಾಠ ಹೇಳ್ತೀಯೇನೆ” ಅಂದೆ. ನನಗೂ ನಗು ಬಂತು. ಆಗಲೇ ಹೆದರಬೇಕಿತ್ತು.

ಆ ಕಚೇರಿಯ ಗಾಜಿಗೆ ತೂತು ಕೊರೆದದ್ದು ಎದೆಮಟ್ಟಕ್ಕೆ, ಯಾರು ಬಂದರೂ ಬಾಗಲೇಬೇಕು. ನೀನೂ ಬಾಗಿದೆ. ಆಚೆ ಕೂತಿದ್ದ ಹುಡುಗಿ ತಲೆಯೆತ್ತದೆ, “ಕೆಲಸ ಯಾಕೆ ಬಿಟ್ರಿ?” ಅಂದಳು. ಎಲ್ಲರೂ ಕೇಳುವುದು ಹಾಗೆಯೇ, ಅವಳಿಗೇನೂ ಕೆಟ್ಟ ಬುದ್ಧಿ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ನೆಟ್ಟಗೆ ನಿಂತು, “ನಾನೇ ಬಿಟ್ಟೆ ತಾಯಿ. ನನ್ನನ್ನ ತೆಗೆಯೋ ಗಂಡು ಇನ್ನೂ ಹುಟ್ಟಿಲ್ಲ” ಅಂದುಬಿಟ್ಟೆ. ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು, ನಗುನಗುತ್ತಲೇ ಒಂದು ಗುಂಡಿ ಒತ್ತಿದಳು. ತಾವಾಗಿ ಬಿಟ್ಟವರಿಗೆ ಭತ್ಯೆ ಇಲ್ಲ. ಇವರನ್ನು ತೆಗೆದುಹಾಕಿದ್ದು ಎಂದು ನಾನು ಕೂಗಿದೆ. “ಅವರೇ ಬಾಯಿಬಿಟ್ಟು ಹೇಳಿದಾರಲ್ಲ ಮೇಡಂ. ಕಾರ್ಖಾನೆಯೋರೂ ಹಾಗೇ ಬರೆದಿದಾರೆ” ಅಂದಳು.

ಬರೆಯದೆ ಇರುತ್ತಾರೆಯೇ? ಕಳ್ಳನಿಗೊಂದು ಪಿಳ್ಳೆ ನೆವ. ಕತ್ತರಿಸುವ ಯಂತ್ರ ಬಂದ ವಾರವೇ ಮ್ಯಾನೇಜರು ನಿನ್ನನ್ನು ಕರೆದು, “ನಾಳೆಯಿಂದ ಬರ್ಬೇಡಿ ಮಾಸ್ಟರ್” ಅಂದದ್ದು, ನೀನು ಕತ್ತರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಅತ್ತದ್ದು ಅತ್ತೆ ನನಗೆ ಹೇಳಿದ್ದಾಳೆ. ಮರುದಿನ ಚಹಾ ಅಂಗಡಿಯಲ್ಲಿ ನೀನು, “ಸಾಕಾಯ್ತು, ಬಿಟ್ಟುಬಿಟ್ಟೆ” ಎಂದು ಡಂಗುರ ಹೊಡೆದೆ. ಅದು ಮ್ಯಾನೇಜರ ಕಿವಿಗೆ ಬಿತ್ತು. ಅವನು ಕಷ್ಟಪಟ್ಟು ಸುಳ್ಳು ಹುಡುಕುವುದೂ ತಪ್ಪಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ನಿನ್ನ ಮೀಸೆಯೇನೋ ಚೊಕ್ಕಟವಾಗಿದೆ. ಇತ್ತ ಅತ್ತೆ “ಹೊತ್ತು ಹೋಗ್ಲಿ ಅಂತ” ಎನ್ನುತ್ತಾ ಅದೇ ಕಾರ್ಖಾನೆಯ, ಅದೇ ಯಂತ್ರ ಕತ್ತರಿಸಿದ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ನಿನ್ನ ಹೆಜ್ಜೆ ಸಪ್ಪಳ ಕೇಳಿದರೆ ಮೂಟೆಯನ್ನು ಮಂಚದ ಕೆಳಗೆ ತಳ್ಳುತ್ತಾಳೆ. ನೀನು ಕಂಡೂ ಕಾಣದವನ ಹಾಗೆ ಆ ಮಂಚದ ಮೇಲೆ ಮಲಗುತ್ತೀಯ.

ಇದು ನಿನ್ನೊಬ್ಬನ ರೋಗವಲ್ಲ ಬಿಡು. ಅಪ್ಪ ಮನೆ ಬಿಟ್ಟು ಹೋದಾಗ ನಿನ್ನ ಅಕ್ಕ, ಅಂದರೆ ನನ್ನ ಅಮ್ಮ, ಊರಿಗೆಲ್ಲ ಹೇಳಿದ್ದೂ ಇದನ್ನೇ: “ಅವರೇನು ನನ್ನ ಬಿಡೋದು, ನಾನೇ ಬಿಟ್ಟೆ.” ನ್ಯಾಯಾಲಯದಲ್ಲಿಯೂ ಹಾಗೇ ಅಂದಳು. ಜೀವನಾಂಶ ಸಿಗಲಿಲ್ಲ. ಕಂಡವರ ಬಟ್ಟೆಗೆ ಇಸ್ತ್ರಿ ಹಾಕಿ ನನ್ನನ್ನು ಸಾಕಿದಳು, ನಾನು ಅವಳ ಆ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಆಸ್ಪತ್ರೆಯಲ್ಲಿ ಅವಳ ಕೊನೆಯ ದಿನಗಳು ನಿನಗೆ ನೆನಪಿರಬೇಕು. ಪಕ್ಕದ ಹಾಸಿಗೆಯ ಹೆಂಗಸು ಯಜಮಾನರು ಎಲ್ಲಿ ಎಂದು ಕೇಳಿದಳು. ಅಮ್ಮ ಗೋಡೆ ನೋಡುತ್ತಾ, “ಬಿಟ್ಟು ಹೋದ್ರು” ಅಂದಳು. ನೀನು ಸೇಬು ಹೆಚ್ಚುತ್ತಿದ್ದವನು ಚಾಕು ನಿಲ್ಲಿಸಿ, ಮತ್ತೆ ಹೆಚ್ಚಿದೆ. ನಾನೂ ಕೇಳಿಸದವಳ ಹಾಗೆ ಇದ್ದೆ. ಇಡೀ ಬದುಕಿಗೆ ಅನ್ನ ಹಾಕಬಹುದಾಗಿದ್ದ ಮಾತನ್ನು ಅವಳು ಸಾಯುವಾಗ, ಹೆಸರೂ ಗೊತ್ತಿಲ್ಲದ ಒಬ್ಬ ರೋಗಿಗೆ ಹೇಳಿ ಹೋದಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಭತ್ಯೆ ಇಲ್ಲ ಅಂದದ್ದರ ಮೇಲೆ ನಾನು ಹಾಕಿದ ಮೇಲ್ಮನವಿಯ ವಿಚಾರಣೆ ಸೋಮವಾರ. ಮ್ಯಾನೇಜರೂ ಎದುರಿಗಿರುತ್ತಾನೆ. ಅತ್ತೆಯನ್ನು ಸಾಕ್ಷಿ ಹೇಳು ಎಂದು ಕೇಳಿದೆ. “ಅವರು ಬಿಟ್ಟೆ ಅಂದ್ರೆ ನಾನು ಹೇಗೆ ಅಲ್ಲ ಅನ್ಲಿ?” ಎಂದು ಸೂಜಿಗೆ ದಾರ ಪೋಣಿಸಿದಳು. ಹಾಗಾಗಿ ನೀನೇ ಹೇಳಬೇಕು, “ನನ್ನನ್ನ ತೆಗೆದುಹಾಕಿದ್ರು” ಎಂದು. ಅಷ್ಟು ಸಾಕು, ಮಿಕ್ಕದ್ದು ನಾನು ಹೇಳುತ್ತೇನೆ. ನೀನು ಹೇಳುವಾಗ ನಿನ್ನ ಮುಖ ನೋಡುವುದಿಲ್ಲ, ಇದು ನಾನು ಕೊಡುವ ಮಾತು. ಆದರೆ ಮತ್ತೆ ಆ ಗಂಡಸಿನ ಜಂಬ ಕೊಚ್ಚಿದೆಯೋ, ನಾನು ಅಲ್ಲಿಂದಲೇ ಎದ್ದು ಹೋಗುತ್ತೇನೆ, ಮತ್ತೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ. ಯಾರಾದರೂ ನಿನ್ನ ಅಕ್ಕನ ಮಗಳು ಎಲ್ಲಿ ಎಂದು ಕೇಳಿದರೆ ಹೇಳುವುದು ನಿನಗೆ ಗೊತ್ತೇ ಇದೆ: “ಅವಳನ್ನೂ ನಾನೇ ಬಿಟ್ಟೆ.”

ಸೋಮವಾರ ಬೆಳಿಗ್ಗೆ ಬಸ್ಸಿನ ಹತ್ತಿರ ಕಾಯುತ್ತಿರುತ್ತೇನೆ. ಕಿರಿಯಳು ಹರಸಬಾರದು ಅನ್ನುತ್ತಾರೆ, ಆದರೂ ಹರಸುತ್ತೇನೆ: ನಿನ್ನ ಮೀಸೆಗೆ ಒಂದಿಷ್ಟು ಮಣ್ಣು ತಾಗಲಿ, ಮಾವ. ತೊಳೆದರೆ ಹೋಗುತ್ತದೆ.

ಇನ್ನೂ ನಿನ್ನನ್ನು ಬಿಡದ,
ನಿನ್ನ ಅಕ್ಕನ ಮಗಳು