ಸೀಲ್ ಒಡೆಯದ ಪೆಟ್ಟಿಗೆಗಳ ದೇಶದಿಂದ

ಇಲ್ಲ ತಾತ, ನೀವು ಹೇಳೋದನ್ನ ನಾನು ಒಪ್ಪಲ್ಲ. ಪಕ್ಕದ ದೇಶದಲ್ಲಿ ವಿಡಿಯೋ ಗೇಮ್ ಕನ್ಸೋಲ್ ಕಮ್ಮಿ ಮಾರಾಟ ಆಯ್ತು ಅಂದ ಮಾತ್ರಕ್ಕೆ ಅಲ್ಲಿಯವರಿಗೆ ಆಡಕ್ಕೆ ಬರಲ್ಲ ಅಂತೇನಿಲ್ಲ. ನೀವು ಮಾಡಿರೋ ಆ ವಿಡಿಯೋದಲ್ಲಿ ಕುರ್ಚಿ ಮೇಲೆ ಕಾಲು ಮಡಚಿ ಕೂತ್ಕೊಂಡು, "ನಮ್ಮ ಮಾರಾಟ ನೋಡಿ, ಅವರದ್ದು ನೋಡಿ, ಅದೂ ಒಂದು ದೇಶಾನಾ" ಅಂತ ನಗ್ತೀರಲ್ಲ, ಅದನ್ನ ನಮ್ಮೂರ ಸರ್ಕಲ್ಲಲ್ಲಿ ಪ್ರತಿ ವರ್ಷ ಪರದೆಗೆ ಹಾರ ಹಾಕಿ ತೋರಿಸ್ತಾರೆ. ನಿಮ್ಮ ವಂಶದವನು ಅಂತ ನನ್ನನ್ನ ಮುಂದಿನ ಸಾಲಲ್ಲಿ ಕೂರಿಸ್ತಾರೆ. ನಿಮ್ಮ ನಗು ನನಗೆ ಬಾಯಿಪಾಠ ಆಗೋಗಿದೆ.

ಇವತ್ತು 2214ನೇ ಇಸವಿ, ಹದಿಮೂರನೇ ತಿಂಗಳು. ನಿಮಗೆ ಹನ್ನೆರಡೇ ತಿಂಗಳು ಗೊತ್ತಿರೋದು. ಇದು ಎಣಿಕೆ ತಿಂಗಳು. ಎರಡು ದೇಶದ ಮಾರಾಟ ಹೋಲಿಸಕ್ಕೆ ಅಂತಲೇ ಕ್ಯಾಲೆಂಡರಿಗೆ ಅಂಟಿಸಿರೋದು. ನನ್ನ ಮಾತು ವಿಚಿತ್ರ ಅನ್ಸಿದ್ರೆ ಕ್ಷಮಿಸಿ, ಓದಿರೋದು ಹತ್ತನೇ ಕ್ಲಾಸು. ಈ ಪತ್ರ ಹಿಂದಂಚೆಯಲ್ಲಿ ಬರ್ತಿದೆ. ಸತ್ತವರು ಬದುಕಿದ್ದ ಕಾಲಕ್ಕೆ ಯಾರು ಬೇಕಾದ್ರೂ ಬರೀಬಹುದು, ಆದ್ರೆ ಜೀವನದಲ್ಲಿ ಒಂದೇ ಸಲ. ಬುದ್ಧಿ ಇರೋರು ಬಸ್‌ಸ್ಟ್ಯಾಂಡ್ ಪಕ್ಕ ಒಂದು ಸೈಟ್ ತಗೊಂಡಿಡಿ ಅಂತ ಬರೀತಾರೆ. ನಾನು ನಿಮ್ಮನ್ನ ಬೈಯಕ್ಕೆ ಬಳಸ್ತಿದೀನಿ.

ನಮ್ಮದು ಮೇಲ್ದಂಡೆ ದೇಶ, ಹೊಳೆ ಆಚೆಗಿರೋದು ಕೆಳದಂಡೆ ದೇಶ. ನಿಮ್ಮ ಕಾಲದಲ್ಲಿ ಎರಡೂ ಸೇರಿ ಒಂದು ತಾಲ್ಲೂಕಂತೆ. ನೀವು ನಕ್ಕಿದ್ದು ಬೇರೆ ಯಾವುದೋ ದೇಶ ನೋಡಿ, ನಮ್ಮೋರು ಅದೇ ನಗುನ ಈಗ ಹೊಳೆ ಆಚೆಯವರ ಮೇಲೆ ನಗ್ತಾರೆ. ಇಲ್ಲಿ ಪ್ರತಿ ಮನೆಯೋರೂ ವರ್ಷಕ್ಕೊಂದು ಆಟದ ಪೆಟ್ಟಿಗೆ ತಗೊಳ್ಳಲೇಬೇಕು. ತಗೊಂಡು ಆಡಂಗಿಲ್ಲ. ಎಣಿಕೆಯೋರು ಬಂದು ಜಗಲಿ ಮೇಲಿರೋ ಪೆಟ್ಟಿಗೆಗಳ ಸೀಲ್ ಮುಟ್ಟಿ ನೋಡ್ತಾರೆ, ಒಡೆದಿದ್ರೆ ಅದು ಲೆಕ್ಕಕ್ಕಿಲ್ಲ. ಅದಕ್ಕೇ ಅಮ್ಮ ಶುಕ್ರವಾರ ಶುಕ್ರವಾರ ಸೀಲಿಗೆ ಕುಂಕುಮ ಇಡ್ತಾಳೆ. ನೆಂಟರು ಬಂದ್ರೆ ಪೆಟ್ಟಿಗೆ ಮೇಲೆ ಕೂತು ಕಾಫಿ ಕುಡೀತಾರೆ, ಚಿಕ್ಕಪ್ಪ ಅದರ ಮೇಲೇ ಚಾಪೆ ಹಾಸಿ ಗೊರಕೆ ಹೊಡೀತಾರೆ. ಹೆಣ್ಣು ನೋಡಕ್ಕೆ ಬಂದೋರೂ ಮೊದಲು ಪೆಟ್ಟಿಗೆ ನೋಡ್ತಾರೆ, ಆಮೇಲೆ ಹುಡುಗಿ. ಇಡೀ ಬೀದೀಲಿ ಒಬ್ಬನಿಗೂ ಆಟ ಆನ್ ಮಾಡಕ್ಕೆ ಬರಲ್ಲ. ಆದ್ರೂ ನಾವೇ ನಂಬರ್ ಒನ್.

ಆಚೆ ದಂಡೇಲಿ ಬೀದಿಗೊಂದೇ ಪೆಟ್ಟಿಗೆ. ಎಲ್ಲರೂ ಅದರಲ್ಲೇ ಆಡ್ತಾರೆ, ಅದಕ್ಕೇ ಮಾರಾಟ ಕಮ್ಮಿ. ಇಷ್ಟು ಸಣ್ಣ ವಿಷಯ ನಿಮ್ಮ ತಲೆಗೆ ಹೊಳೀಲಿಲ್ಲ ನೋಡಿ. ನಾನು ಕದ್ದು ಸೇತುವೆ ದಾಟಿ ಸಲೋಮಿ ಆಂಟಿ ಷೆಡ್ಡಿಗೆ ಹೋಗ್ತಿದ್ದೆ. ಆಕೆ ರಿಟೈರಾದ ಬಸ್ ಕಂಡಕ್ಟರ್. ಆ ಬೀದಿ ಪೆಟ್ಟಿಗೆ ಇರೋದು ಅಲ್ಲೇ, ಒತ್ತಿ ಒತ್ತಿ ಬಟನ್ ಮೇಲಿನ ಗುರುತೆಲ್ಲ ಅಳಿಸಿದೆ. ಮೊದಲ ದಿನ ಆಟದಲ್ಲಿ ನನ್ನ ಕಾರು ಗೋಡೆಗೆ ಗುದ್ದಿದಾಗ ಆಕೆ, "ಏನಪ್ಪಾ ಮೇಲ್ದಂಡೆ, ಮನೆ ತುಂಬ ಪೆಟ್ಟಿಗೆ ಇಟ್ಕೊಂಡು ಸ್ಟೇರಿಂಗ್ ತಿರುಗ್ಸಕ್ಕೂ ಬರಲ್ವಾ? ಹಿಂದೆ ಹೋಗು ರೈಟ್" ಅಂದ್ಲು. ಷೆಡ್ಡಿಗೆ ಷೆಡ್ಡೇ ನಕ್ತು. ಈಗ ನಾನು ಆಕೆ ಜೋಡಿ. ಇವತ್ತು ಸಂಜೆ ಪಕ್ಕದ ಬೀದಿ ಜೊತೆ ಫೈನಲ್.

ಆದ್ರೆ ಎಣಿಕೆ ತಿಂಗಳಲ್ಲಿ ಸೇತುವೆ ದಾಟಿದವರನ್ನ ಆ ದೇಶದವರು ಅಂತಲೇ ಬರ್ಕೋತಾರೆ. ಮತ್ತೆ ವಾಪಸ್ ಸೇರಿಸಲ್ಲ. ಅದಕ್ಕೆ ಹೆದರಿ, ಇವತ್ತಿನ ಆಟ ಬಿಟ್ಟು ಮನೇಲೇ ಆಡ್ಕೊಳ್ಳೋಣ ಅಂತ ಬೆಳಿಗ್ಗೆ ಒಂದು ಪೆಟ್ಟಿಗೆ ಸೀಲ್ ಒಡೆದೆ. ಒಳಗೆ ಕನ್ಸೋಲ್ ಇರಲಿಲ್ಲ ತಾತ. ತೂಕಕ್ಕೆ ಹೆಂಚಿನ ಚೂರು ಹಾಕಿದ್ರು. ಇನ್ನೊಂದು ತೆಗೆದೆ, ಅದರಲ್ಲೂ ಹೆಂಚು. ಯಾರೂ ತೆಗೆಯಲ್ಲ ಅಂತ ಗೊತ್ತಾದ ಮೇಲೆ ಫ್ಯಾಕ್ಟರಿಯೋರು ಯಾಕೆ ತುಂಬ್ತಾರೆ?

ಚಿಕ್ಕಪ್ಪನಿಗೆ ತೋರಿಸಿದೆ. ಅವರ ಮುಖದಲ್ಲಿ ಗಾಬರಿನೇ ಇಲ್ಲ. "ಗೊತ್ತು ಕಣೋ, ಎಲ್ಲಾರ್ಗೂ ಗೊತ್ತು. ಎಣಿಕೆಯೋರು ಮಧ್ಯಾಹ್ನ ಬರ್ತಾರೆ, ಅಷ್ಟರಲ್ಲಿ ಅಂಟಿಸು. ಅಂಟಿಸಲ್ಲ ಅಂದ್ರೆ ಈ ಮನೇಲಿ ಇರಬೇಡ" ಅಂದ್ರು. ಅಮ್ಮ ಒಳಗೆ ಹೋಗಿ ಮೈದಾ ಕುದಿಸಿ ಅಂಟು ಮಾಡ್ಕೊಂಡು ಬಂದ್ಲು.

ನಿಮ್ಮನ್ನ ಒಂದೇ ಕೇಳ್ಕೊಳ್ಳೋದು. ಆ ವಿಡಿಯೋ ಮಾಡೋ ಮೊದಲು ನಿಮ್ಮ ಪೆಟ್ಟಿಗೆ ತೆಗೀರಿ, ಯಾರನ್ನಾದ್ರೂ ಕರೆದು ಒಂದಾಟ ಆಡಿ. ಪಕ್ಕದ ದೇಶದವನೇ ಆದ್ರೆ ಇನ್ನೂ ಒಳ್ಳೇದು. ಸೋಲ್ತೀರಿ, ನನಗೆ ಗ್ಯಾರಂಟಿ ಇದೆ. ಸೋತ ಮೇಲೂ ಮಾರಾಟದ ಲೆಕ್ಕ ಹೇಳ್ಬೇಕು ಅನ್ಸಿದ್ರೆ ಹೇಳಿ. ನಿಮ್ಮಂಥೋರಿಗೆ ಇಷ್ಟೇ ಹೇಳಬಹುದು.

ಅಂಟು ಮುಂದೇನೇ ಇದೆ, ಮೇಲೆ ಕೆನೆ ಕಟ್ತಾ ಇದೆ. ಚಿಕ್ಕಪ್ಪ ಜಗಲಿಯಿಂದ, "ಆಯ್ತೇನೋ?" ಅಂತ ಕೂಗ್ತಿದಾರೆ. ನಾನು ಅಂಟಿಸಲ್ಲ. ಆಚೆ ಹೋಗ್ತೀನಿ ಅಂತ ಈಗಷ್ಟೇ ಅಮ್ಮನಿಗೆ ಹೇಳ್ದೆ. ಅವಳು ನನ್ನ ಕಾಲು ನೋಡಿ, "ಆ ಚಪ್ಪಲಿ ಬೇಡ, ಹೊಸದು ಹಾಕ್ಕೊಂಡ್ ಹೋಗು" ಅಂದ್ಲು. ಹಾಕ್ಕೊಂಡೆ. ಈ ಪತ್ರ ದಾರೀಲಿ ಅಂಚೆಗೆ ಹಾಕ್ತೀನಿ. ಬಾಗಿಲು ಎಳ್ಕೊಂಡು ಹೊರಟೆ ತಾತ.