ಮಾರಿಕಣಿವೆ ಬ್ಯಾಂಡು ಮತ್ತೆ ಹಾಡಿದ ಸುದ್ದಿ

ಹಿರಿಯೂರು
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಹೋದ ಸಲ ಫೋನಿನಲ್ಲಿ ಕೇಳಿದಾಗ "ಐತೆ ಅದರ ಪಾಡಿಗೆ" ಅಂದುಬಿಟ್ಟೆ. ಬಂದರಿನ ಕ್ಯಾಂಟೀನಿನಲ್ಲಿ ದಿನವಿಡೀ ಒಲೆಯ ಮುಂದೆ ನಿಂತರೆ ಅದು ಅದರ ಪಾಡಿಗೆ ಇರುವುದಿಲ್ಲ ಅಂತ ಇಪ್ಪತ್ತಾರು ವರ್ಷ ನರ್ಸ್ ಕೆಲಸ ಮಾಡಿದ ನನಗೆ ಗೊತ್ತು. ಕೂತು ತರಕಾರಿ ಹೆಚ್ಚುವ ಕೆಲಸ ಕೇಳಿ ತೆಗೆದುಕೋ. ಕಾರವಾರದ ಸೆಕೆಗೆ ನೀರು ಜಾಸ್ತಿ ಕುಡಿ. ಇಲ್ಲಿ ಅಮ್ಮ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಆದರೆ ಎದ್ದು ಓಡಾಡುವುದು ಪೂರ್ತಿ ನಿಂತಿದೆ. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು. ಕೆಲವು ದಿನ ನನ್ನನ್ನೇ ಆಸ್ಪತ್ರೆಯವರು ಯಾರೋ ಬಂದಿದ್ದಾರೆ ಅಂದುಕೊಂಡು "ಏನಮ್ಮ, ನಿಮ್ದು ಯಾವೂರು?" ಎಂದು ಕೇಳುತ್ತಾಳೆ. ನಿನ್ನ ಹೆಸರು ಮಾತ್ರ ಮರೆತಿಲ್ಲ. ನನಗೆ ಇದರಿಂದ ಬೇಜಾರಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಫೋನು ಮಾಡದೆ ಯಾಕೆ ಕಾಗದ ಬರೆಯುತ್ತಿದ್ದಾಳೆ ಅನ್ನಬೇಡ. ಇಷ್ಟೆಲ್ಲ ಫೋನಿನಲ್ಲಿ ಹೇಳುವಷ್ಟು ಉಸಿರು ನನಗೂ ಇಲ್ಲ, ಕೇಳುವಷ್ಟು ತಾಳ್ಮೆ ನಿನಗೂ ಇಲ್ಲ. ಇವತ್ತು ನನಗೆ ವಾರದ ರಜೆ. ಅಮ್ಮ ಮಲಗಿದ್ದಾಳೆ. ಬಟ್ಟೆ ನೆನೆಸಿಟ್ಟು ಕೂತಿದ್ದೇನೆ. ನಿನಗೆ ಹೇಳಬೇಕಾದ ಸುದ್ದಿ ಏನೆಂದರೆ, ಹದಿನಾರು ವರ್ಷದಿಂದ ನಿಂತುಹೋಗಿದ್ದ ನಿಮ್ಮ ಮಾರಿಕಣಿವೆ ಬ್ಯಾಂಡು ಮತ್ತೆ ಹಾಡಿತು. ಮೊನ್ನೆ ಒಂಬತ್ತನೇ ತಾರೀಖು ಭಾನುವಾರ, ಹೊಸದುರ್ಗದಲ್ಲಿ. ನನ್ನ ಮಗಳು ಕಾವ್ಯಶ್ರೀ ಅವರಪ್ಪನ ಬೇಸ್ ಗಿಟಾರ್ ಹಿಡಿದು ಹಾಡಿದಳು. ಡ್ರಮ್ಸಿಗೆ ಕೂತವನು ಮಾರಪ್ಪನ ಮಗ ಜುಂಜೇಶ್.

ಮಾರಪ್ಪನ ಮಗನಾ ಅಂತ ಹುಬ್ಬೇರಿಸಿರುತ್ತೀ. ಹೌದು, ನಿನ್ನ ಜೊತೆ ಹದಿನಾಲ್ಕು ವರ್ಷ ಡ್ರಮ್ಸ್ ಬಾರಿಸಿದ, ಆಮೇಲೆ ನಮ್ಮ ಮನೆ ಕಡೆ ತಲೆಯನ್ನೂ ಹಾಕದ ಅದೇ ಮಾರಪ್ಪನ ಮಗ. ಹೋದ ವರ್ಷ ಮಾರಪ್ಪನಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಕಾಲಿನ ಹುಣ್ಣು ಮಾಯದೆ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದರು. ನನ್ನದೇ ಡ್ಯೂಟಿ. ನಾನು ಡ್ರೆಸ್ಸಿಂಗ್ ಮಾಡುವಷ್ಟು ಹೊತ್ತೂ ಅವನು ಗೋಡೆ ನೋಡಿದ, ನಾನು ಅವನ ಕಾಲು ನೋಡಿದೆ. ಹನ್ನೊಂದು ದಿನ ಹೀಗೇ ನಡೆಯಿತು. ಒಂದು ದಿನ ಕಾವ್ಯ ನನಗೆ ಬುತ್ತಿ ತಂದುಕೊಟ್ಟಾಗ, ಅಪ್ಪನ ಚಪ್ಪಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಜುಂಜೇಶ್ ಅವಳನ್ನು ಕೇಳಿದ, "ನಿಮ್ಮಪ್ಪಾಜಿ ಗಿಟಾರ್ ಇನ್ನೂ ಐತಾ?" ಅಷ್ಟೇ. ಅಪ್ಪನ ಹಳೇ ಕ್ಯಾಸೆಟ್ಟುಗಳನ್ನು ಅವನು ಅಂಗಡಿಯಲ್ಲಿ ಕೊಟ್ಟು ಮೊಬೈಲಿಗೆ ಹಾಕಿಸಿಕೊಂಡಿದ್ದ. ಗೂಡ್ಸ್ ಆಟೋ ಓಡಿಸುತ್ತಾ ದಿನಾ ನಿನ್ನ ಹಾಡು ಕೇಳುತ್ತಿದ್ದನಂತೆ. ನೀನು ಹಡಗಿನಲ್ಲಿ ಅಡುಗೆಯವನಾಗಿ ಮೂರು ವರ್ಷ ಸುತ್ತಿ, ಊರಿಗೆ ಸೀರೆ ತರದೆ ರೆಗ್ಗೆ ಅನ್ನುವ ಪರದೇಶದ ನಿಧಾನದ ಹಾಡಿನ ಕ್ಯಾಸೆಟ್ಟು ಒಂದು ಚೀಲ ಹೊತ್ತು ತಂದಾಗ ಅಮ್ಮ ಅತ್ತಿದ್ದು ನೆನಪಿದೆಯಾ? ಆ ಚೀಲದ ಫಲ ಈಗ ಆಟೋದಲ್ಲಿ ಓಡಾಡುತ್ತಿದೆ.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಪ್ರತಿ ಭಾನುವಾರ ಮಾರಿಕಣಿವೆ ರಸ್ತೆಯ ಮಾರಪ್ಪನ ಹಟ್ಟಿಯಲ್ಲಿ ಪ್ರಾಕ್ಟೀಸು. ಕುರಿರೊಪ್ಪದ ಪಕ್ಕದ ಶೆಡ್ಡಿನಲ್ಲಿ ಡ್ರಮ್ಸು. ಹೊಸದುರ್ಗದ ಮೊಬೈಲ್ ಅಂಗಡಿಯ ಚೇತನ್‌ಕುಮಾರ್ ಅಂತ ಒಬ್ಬ ಗಿಟಾರಿಗೆ ಸೇರಿಕೊಂಡ. ನಾನು ರಾತ್ರಿ ಪಾಳಿ ಮುಗಿಸಿ ಬಂದು, ಅಮ್ಮನಿಗೆ ಸ್ನಾನ ಮಾಡಿಸಿ, ಮೂರೂ ಜನರಿಗೆ ಚಿತ್ರಾನ್ನ ಕಟ್ಟಿಕೊಡಬೇಕು. ಅಂದು ನಿಮ್ಮ ಮೂರು ಜನಕ್ಕೆ ಕಟ್ಟಿಕೊಡುತ್ತಿದ್ದೆ, ಇಂದು ಇವರ ಮೂರು ಜನಕ್ಕೆ. ಬ್ಯಾಂಡು ಬದಲಾಗುತ್ತದೆ ಅಣ್ಣ, ಒಗ್ಗರಣೆ ಹಾಕುವವಳು ಬದಲಾಗುವುದಿಲ್ಲ. ಬೈಯುತ್ತಿಲ್ಲ, ಸುಮ್ಮನೆ ಹೇಳಿದೆ.

ಮೊದಮೊದಲು ಮಾರಪ್ಪ ಶೆಡ್ಡಿನ ಕಡೆ ಬರಲೇ ಇಲ್ಲವಂತೆ. ಹುಡುಗರು ತಪ್ಪು ಬಾರಿಸುವುದು ಕೇಳಿ ಕೇಳಿ ತಡೆಯಲಾರದೆ ಒಂದು ದಿನ ಕೋಲೂರಿಕೊಂಡು ಬಂದನಂತೆ. "ಲೇ, ಹೆಜ್ಜೆ ಊರಿದಾಗ ಹೊಡಿಬ್ಯಾಡ್ಲೇ, ಎತ್ತಿದಾಗ ಹೊಡಿ. ಎಲ್ರೂ ಒಂದಕ್ಕೆ ಹೊಡುದ್ರೆ ನಾವು ಎರಡಕ್ಕೆ ಹೊಡೆಯೋದು" ಅಂದನಂತೆ. ಅದು ನಿನ್ನ ಮಾತು. ನಮ್ಮ ಮನೆಯ ಜಗಲಿಯಲ್ಲಿ ನೀನು ಅವನಿಗೆ ಕಲಿಸುವಾಗ ನಾನು ಅಕ್ಕಿ ಆರಿಸುತ್ತಾ ಕೇಳಿದ್ದೆ. ಅಲ್ಲಿಂದಾಚೆ ಪ್ರತಿ ಭಾನುವಾರ ಅವನೇ ಕುರ್ಚಿ ಹಾಕಿಕೊಂಡು ಕೂರತೊಡಗಿದ.

ಆಮೇಲೆ ಜಗಳವೂ ಆಯಿತು. ನೀನು ಬರೆದ ಕುರಿ ದಾಟುವ ಹಾಡು ಇದೆಯಲ್ಲ, "ರೋಡು ನಿಮ್ದಾದ್ರೂ ದಾರಿ ನಮ್ದಣ್ಣ, ಚೂರು ನಿಲ್ರಣ್ಣ, ಕುರಿ ದಾಟಲಣ್ಣ" ಅಂತ, ಅದಕ್ಕೆ ಕಾವ್ಯ ಹೊಸದಾಗಿ ಒಂದು ಚರಣ ಸೇರಿಸಿದಳು. ನಿನ್ನ ಹಾಡಿನಲ್ಲಿ ಕುರುಬಣ್ಣ ಇದ್ದಾನೆ, ನಾಯಿ ಇದೆ, ಹಾರನ್ ಹೊಡೆಯುವ ಲಾರಿ ಡ್ರೈವರ್ ಇದ್ದಾನೆ. ಹಿಂದೆ ಕತ್ತೆಯ ಮೇಲೆ ಪಾತ್ರೆಪಗಡ ಹೇರಿಕೊಂಡು, ಕಂಕುಳಲ್ಲಿ ಮರಿ ಎತ್ತಿಕೊಂಡು ಬರುವ ಹೆಂಗಸು ಎಲ್ಲಿ ಅಂತ ಇವಳ ಪ್ರಶ್ನೆ. "ಹಿಂದೆ ಬರೋಳ ಹೆಸರೇನಣ್ಣ" ಅಂತ ಅವಳ ಚರಣ ಶುರುವಾಗುತ್ತದೆ. ಮಾರಪ್ಪ ಕೆಂಡವಾದ. "ಮೂರ್ತಣ್ಣನ ಪದಕ್ಕೆ ಕೈ ಹಾಕಬ್ಯಾಡ್ರಿ, ಬೇಕಾದ್ರೆ ನಿಮ್ದು ನೀವು ಕಟ್ಕಳ್ರಿ" ಎಂದ. ಇವಳೂ ಬಿಡಲಿಲ್ಲ. "ಮೂರ್ತಿ ಮಾವ ಬಂದು ಬೈದ್ರೆ ತೆಗೀತೀನಿ. ನೀವು ಬೈದ್ರೆ ತೆಗೆಯಲ್ಲ" ಎಂದಳು. ಎರಡು ವಾರ ಪ್ರಾಕ್ಟೀಸು ನಿಂತಿತು. ಕೊನೆಗೆ ಮಾರಪ್ಪನ ಹೆಂಡತಿ ಮುದ್ದಕ್ಕ ಗಂಡನನ್ನು ಒಪ್ಪಿಸಿದಳು. ಏನು ಹೇಳಿ ಒಪ್ಪಿಸಿದಳೋ ಗೊತ್ತಿಲ್ಲ. ಮೂವತ್ತು ವರ್ಷ ಕುರಿಯ ಹಿಂದೆ ನಡೆದವಳು, ಹೇಳಲು ಇದ್ದೇ ಇರುತ್ತದೆ.

ಹೊಸದುರ್ಗದಲ್ಲಿ ಆಟೋದವರ ಸಂಘದ ರಾಜ್ಯೋತ್ಸವ. ಜುಂಜೇಶನ ಪರಿಚಯದಿಂದ ಹನ್ನೊಂದು ಗಂಟೆಗೆ ಅರ್ಧ ತಾಸು ಕೊಟ್ಟಿದ್ದರು. ನಾನು ಪಾಳಿ ಬದಲಾಯಿಸಿಕೊಂಡು, ಅಮ್ಮನನ್ನು ಪಕ್ಕದ ಮನೆ ಚಂದ್ರಕ್ಕನಿಗೆ ಒಪ್ಪಿಸಿ, ಗೂಡ್ಸ್ ಆಟೋದಲ್ಲಿ ಡ್ರಮ್ಸಿನ ಜೊತೆ ನಾನೂ ಒಂದು ಸಾಮಾನಿನಂತೆ ಕೂತು ಹೋದೆ. ಮಾರಪ್ಪನನ್ನು ಮುಂದೆ ಕೂರಿಸಿದ್ದರು. ಭಾಷಣಗಳು ಮುಗಿಯುವ ಹೊತ್ತಿಗೆ ಹನ್ನೆರಡೂವರೆಯಾಗಿತ್ತು, ಪಕ್ಕದಲ್ಲಿ ಊಟದ ವಾಸನೆ ಎದ್ದಿತ್ತು, ಜನ ಅರ್ಧಕ್ಕರ್ಧ ಖಾಲಿ. ಇವರು ಶುರುಮಾಡಿದರು. ಮೊದಲನೇ ಹಾಡು ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಎರಡನೆಯದರ ನಡುವೆ ಒಬ್ಬ ಎದ್ದು ನಿಂತು, "ಏ ತಂಗೀ, ಇದೇನು ನಿಧಾನಕ್ಕೆ ಎಳೀತೀರಾ, ಒಂದು ಸಿನಿಮಾ ಹಾಡು ಹೊಡಿರಿ, ಕುಣಿಯಾಣ" ಅಂದ. ನಾಲ್ಕೈದು ಜನ ಶಿಳ್ಳೆ ಹಾಕಿದರು.

ಅಣ್ಣಾ, ಮಾರಪ್ಪ ತಿರುಗಿ ನನ್ನನ್ನು ನೋಡಿದ. ಇಬ್ಬರಿಗೂ ನೀವು ಕೊನೆಯ ಸಲ ಹಾಡಿದ ಹೊಳಲ್ಕೆರೆಯ ಆ ಮದುವೆಮನೆ ಕಣ್ಣ ಮುಂದೆ ಬಂದಿತ್ತು. ಅಂದೂ ಮಧ್ಯಾಹ್ನವೇ. ಗಂಡಿನ ಗೆಳೆಯರು ಸಿನಿಮಾ ಹಾಡು ಬೇಕು ಅಂತ ಮೂರು ಸಲ ಕೇಳಿದರು. ನಮ್ಮ ಯಜಮಾನರು "ಒಂದು ಹಾಡು ತಾನೆ ಭಾವ, ಹಾಡಿಬಿಡಾಣ" ಅಂದರು. ನೀನು ಗಿಟಾರಿನ ವೈರು ಕಿತ್ತು, ಊಟದ ಸಾಲು ದಾಟಿ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟೆ. ಮಾರಪ್ಪ ಡ್ರಮ್ಸಿನ ಕಡ್ಡಿ ಹಿಡಿದುಕೊಂಡು ನಿನ್ನ ಹಿಂದೆ ಬಂದ. ಆಮೇಲೆ ಅಲ್ಲಿ ಏನಾಯಿತು ಅಂತ ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಭಾವ ಕೊಟ್ರೇಶ್ ಅಲ್ಲೇ ನಿಂತರು. ಮದುವೆಗೆ ಕರೆದವರ ಮುಖ ಕೆಡಬಾರದು ಅಂತ ಬೇಸ್ ಗಿಟಾರ್ ಒಂದರಲ್ಲೇ ಆ ಸಿನಿಮಾ ಹಾಡು ಬಾರಿಸಿದರು. ಹಾಡುವವರಿಲ್ಲ, ಡ್ರಮ್ಸಿಲ್ಲ, ಬರೀ ಡುಂ ಡುಂ ಅಂತ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಪೂರ್ತಿ ಹಾಡು ಮುಗಿಸಿ ಕೈಮುಗಿದು ಇಳಿದರು. ಐದು ವರ್ಷದ ಕಾವ್ಯ ನನ್ನ ತೊಡೆಯ ಮೇಲಿದ್ದಳು. ನೀನು ಅವರನ್ನು ಮಾರಿಕೊಂಡವನು ಅಂದೆ. ಅವರು ಸಾಯುವವರೆಗೂ ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದರು, ನಿಜ. ಆದರೆ ಮನೆಯಲ್ಲಿ ಒಬ್ಬರೇ ಇದ್ದಾಗ ಬಾರಿಸುತ್ತಿದ್ದದ್ದು ನಿನ್ನ ಹಾಡನ್ನೇ. ಮೂರು ವರ್ಷದ ಹಿಂದೆ ಅವರ ಮಣ್ಣಿಗೆ ಬಂದವನು ನೀರೂ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದೆ. ಅಂದೇ ಇದನ್ನು ಹೇಳಬೇಕಿತ್ತು.

ಹೊಸದುರ್ಗಕ್ಕೆ ಬರುತ್ತೇನೆ. ಕಾವ್ಯ ಸಿಟ್ಟಾಗಲಿಲ್ಲ. ಮೈಕಿನಲ್ಲಿ ನಗುತ್ತಾ, "ಹಾಡ್ತೀವಿ ಕಣಣ್ಣ. ಮೊದ್ಲು ನಮ್ದೊಂದು ಕೇಳಿ, ಆಮೇಲೆ ನಿಮ್ದು. ಕುಂತ್ಕಳ್ರಿ" ಎಂದಳು. ಕುರಿಯ ಹಾಡು ಹಾಡಿದಳು, ಹೊಸ ಚರಣ ಸೇರಿಸಿಯೇ. ಊಟಕ್ಕೆ ಎದ್ದಿದ್ದ ಹೆಂಗಸರು ನಾಲ್ಕಾರು ಜನ ಹಾಗೇ ನಿಂತರು. ಅದು ಮುಗಿದ ಕೂಡಲೇ ಜುಂಜೇಶನಿಗೆ ಏನೋ ಸನ್ನೆ ಮಾಡಿ, ಆ ಮನುಷ್ಯ ಕೇಳಿದ ಸಿನಿಮಾ ಹಾಡನ್ನೇ ಎತ್ತಿಕೊಂಡಳು, ಆದರೆ ನಿನ್ನ ತಾಳದಲ್ಲಿ, ಎರಡನೇ ಏಟಿಗೆ ಬೀಳುವ ಹಾಗೆ, ನಿಧಾನವಾಗಿ. ಅವನು ಕುಣಿಯಲು ಎದ್ದವನು ಮೊದಲು ತಡವರಿಸಿದ, ಆಮೇಲೆ ಕಾಲು ಹೊಂದಿಸಿಕೊಂಡ, ಆಮೇಲೆ ನಿಲ್ಲಿಸಲೇ ಇಲ್ಲ. ಐವತ್ತು ಅರವತ್ತು ಜನ ಇದ್ದಿರಬಹುದು, ಎಲ್ಲರೂ ಊಟ ಬಿಟ್ಟು ನಿಂತಿದ್ದರು.

ನಾಲ್ಕೇ ನಿಮಿಷ ಅಣ್ಣ. ಸುತ್ತ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು, ನನಗೆ ಕೈ ಎತ್ತಲಾಗಲಿಲ್ಲ. ಸಂತೋಷವಾಯಿತು ಅಂತ ಬರೆಯಬೇಕು, ಆಗಿದ್ದು ಸುಸ್ತು. ಮಾರಪ್ಪ ಕೋಲಿನ ಮೇಲೆ ಗಲ್ಲ ಇಟ್ಟುಕೊಂಡು, "ಇಷ್ಟೇನಾ ಅಕ್ಕ? ಇಷ್ಟಕ್ಕೇನಾ ನಾವು ಹದಿನಾರು ವರ್ಷ ಮಾತು ಬಿಟ್ಟಿದ್ದು?" ಎಂದ. ನನ್ನ ಜೊತೆ ಅಷ್ಟು ವರ್ಷಗಳಲ್ಲಿ ಅವನು ಆಡಿದ ಮೊದಲ ಮಾತು ಅದು. ಮೂರು ಮನೆ ಹಾಳು ಮಾಡಿದ ಗಂಟನ್ನು ಇಪ್ಪತ್ತೊಂದು ವರ್ಷದ ಹುಡುಗಿ ಕುಶಾಲಿಗೆ ಎಂಬಂತೆ ಬಿಚ್ಚಿಬಿಟ್ಟಳಲ್ಲ. ಅವಳ ಮೇಲೂ ಸಿಟ್ಟು ಬಂತು, ನಿನ್ನ ಮೇಲೂ ಬಂತು, ಸತ್ತವರ ಮೇಲೂ ಬಂತು. ಬರುವಾಗ ಮಾರಪ್ಪನೂ ನನ್ನ ಜೊತೆ ಆಟೋದ ಹಿಂದೆಯೇ ಕೂತ. ಹಿರಿಯೂರು ಹತ್ತಿರ ಬಂದಾಗ "ಮನೆಗೆ ಬಂದು ಕಾಫಿ ಕುಡಿದು ಹೋಗು" ಎಂದೆ. "ಸಕ್ಕರೆ ಬ್ಯಾಡ" ಎಂದ. ಬಂದು ಕುಡಿದ. ಅಮ್ಮ ಅವನನ್ನು ನೀನೇ ಅಂದುಕೊಂಡು ಕೈ ಹಿಡಿದು ಬಿಡಲೇ ಇಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ, ಕತ್ತಲಾಗುವವರೆಗೂ ಕೂತೇ ಇದ್ದ.

ಈಗ ಕಾವ್ಯ ನಿನಗೆ ಕೇಳು ಅಂದಿರುವುದನ್ನು ಬರೆಯುತ್ತೇನೆ. ಡಿಸೆಂಬರ್ ಹದಿನಾಲ್ಕಕ್ಕೆ ಚಿತ್ರದುರ್ಗದಲ್ಲಿ ಅವಳ ಕಾಲೇಜಿನ ಹಳೇ ವಿದ್ಯಾರ್ಥಿಗಳು ಇವರಿಗೆ ಪೂರ್ತಿ ಒಂದೂವರೆ ತಾಸು ಕೊಟ್ಟಿದ್ದಾರೆ. ಮಾರಿಕಣಿವೆ ಬ್ಯಾಂಡ್ ಅಂತಲೇ ಹೆಸರು ಹಾಕಲು ನಿನ್ನ ಒಪ್ಪಿಗೆ ಬೇಕಂತೆ. ನಿನ್ನ ಏಳು ಹಾಡು ಹಾಡುತ್ತಾರಂತೆ. ಆ ಚರಣ ಇಟ್ಟುಕೊಳ್ಳಬಹುದಾ, ತೆಗೆಯಬೇಕಾ, ಅದನ್ನೂ ನೀನೇ ಹೇಳಬೇಕಂತೆ. ನನ್ನನ್ನು ಕೇಳಿದರೆ ಇರಲಿ ಅನ್ನುತ್ತೇನೆ. ಹಾಡು ನಿನ್ನದು, ತೀರ್ಮಾನವೂ ನಿನ್ನದು. ಅವಳಿಗೇ ನೇರವಾಗಿ ತಿಳಿಸು, ನನ್ನ ಮೂಲಕ ಬೇಡ. ನಡುವೆ ನಿಂತು ಎರಡು ಕಡೆಯ ಮಾತು ಮುಟ್ಟಿಸುವ ಕೆಲಸ ನನಗೆ ಸಾಕಾಗಿದೆ.

ಅಮ್ಮ ನಿದ್ದೆಯಲ್ಲಿದ್ದಾಳೆ, ಎದ್ದಿದ್ದರೆ ನಿನ್ನ ತಲೆ ಸವರಿದಂತೆ ಈ ಕಾಗದ ಸವರುತ್ತಿದ್ದಳು. ಅವಳ ಪರವಾಗಿ ನಾನೇ ಹರಸುತ್ತೇನೆ, ತಂಗಿಯಾದರೂ. ಮಾರಪ್ಪ, ಮುದ್ದಕ್ಕ ನಿನ್ನ ಕ್ಷೇಮ ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಸುಮಿತ್ರಾ

ವಿ.ಸೂ.: ಇದನ್ನೇ ಮೊದಲ ಸಾಲಿನಲ್ಲಿ ಬರೆಯಬೇಕು ಅಂತ ಕೂತವಳು ಬ್ಯಾಂಡಿನ ಸುದ್ದಿಯಲ್ಲೇ ಪುಟ ತುಂಬಿಸಿದೆ. ಡಿಸೆಂಬರ್ ಎಂಟು, ಸೋಮವಾರ, ಚಿತ್ರದುರ್ಗದಲ್ಲಿ ನನಗೆ ಆಪರೇಷನ್. ಗರ್ಭಕೋಶದಲ್ಲಿ ಗಡ್ಡೆ, ಪೂರ್ತಿ ತೆಗೆಯುತ್ತಾರೆ. ಗಾಬರಿಯಾಗುವಂಥದ್ದೇನಿಲ್ಲ ಅಂದಿದ್ದಾರೆ. ನಾನೂ ಎಷ್ಟೋ ಜನರಿಗೆ ಹಾಗೇ ಅಂದಿದ್ದೇನೆ. ಕಾವ್ಯಳಿಗೆ ಇನ್ನೂ ಹೇಳಿಲ್ಲ, ಈಗಲೇ ಹೇಳಿದರೆ ಹದಿನಾಲ್ಕರ ಕಾರ್ಯಕ್ರಮ ಬಿಟ್ಟುಬಿಡುತ್ತಾಳೆ, ನೀನು ಬಂದಮೇಲೆ ಹೇಳುತ್ತೇನೆ. ಆಪರೇಷನ್ ಆದಮೇಲೆ ಒಂದೂವರೆ ತಿಂಗಳು ನಾನು ಭಾರ ಎತ್ತುವಂತಿಲ್ಲ. ಅಮ್ಮನನ್ನು ಎತ್ತಲು ಒಬ್ಬರು ಬೇಕು. ನೀನು ಹಾಡಲು ಬರಬೇಡ, ರಾಜಿಗೂ ಬರಬೇಡ. ಒಂದೂವರೆ ತಿಂಗಳು ನನ್ನ ಜಾಗದಲ್ಲಿ ಇರಲು ಬಾ. ಏಳನೇ ತಾರೀಖಿನೊಳಗೆ ಬಂದರೆ ಅಮ್ಮನಿಗೆ ಯಾವ ಮಗ್ಗುಲು ನೋವು, ಹೇಗೆ ಹಿಡಿದು ಎತ್ತಬೇಕು ಅಂತ ತೋರಿಸಿಕೊಟ್ಟು ಹೋಗುತ್ತೇನೆ.